ಮೈ ಬರಾಕ್ ಒಬಾಮ ಡಾಟ್ ಕಾಮ್: ಗೆದ್ದಾಯ್ತು, ಆದರೆ ಇದನ್ನು ಮುಚ್ಚಬೇಡಿ

ನಾನು ಒಬಾಮ ಕಡೆಯವನು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾರಿ ಊರಿನಲ್ಲಿ ಇದ್ದೇನೆ. ಸಿಟಿಜನ್ ಆದ ಮೇಲೆ 2008ರದ್ದು ನನ್ನ ಮೊದಲ ಅಧ್ಯಕ್ಷೀಯ ಚುನಾವಣೆ. ಅಕ್ಟೋಬರ್‌ನಲ್ಲೇ ಹೋಗಿ ಓಟು ಹಾಕಿ ಬಂದೆ. ಎರಡೂ ಕಡೆಯನ್ನು ಸಮನಾಗಿ ತೂಗುವ ವಿಮರ್ಶೆ ಬೇಕಿದ್ದವರಿಗೆ ಇದು ಆಗಿಬರುವುದಿಲ್ಲ. ಆದರೆ ನನ್ನ ಅನ್ನ ಸಾಫ್ಟ್‌ವೇರ್ ಟೆಸ್ಟಿಂಗ್‌ನಿಂದ ಬರುತ್ತದೆ. ಒಂದು ವೆಬ್‌ಸೈಟ್ ಯಾರಿಗೆ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ನೋಡುವುದು ದಿನನಿತ್ಯದ ಕೆಲಸ. ಆ ಕಣ್ಣಿನಿಂದಲೇ, ಒಬಾಮಗೆ ಓಟು ಕೇಳಲು ಬೆಂಬಲಿಗರು ಬಳಸಿದ ಮೈ ಬರಾಕ್ ಒಬಾಮ ಡಾಟ್ ಕಾಮ್ ಅನ್ನುವ ವೆಬ್‌ಸೈಟ್ ಬಗ್ಗೆ ಬರೆಯುತ್ತಿದ್ದೇನೆ. ಇದು 2008ರ ನವೆಂಬರ್ ಕೊನೆ, ಚುನಾವಣೆ ಮುಗಿದು ಮೂರು ವಾರ ಆಯ್ತು. ಸೈಟು ಇನ್ನೂ ನಡೆಯುತ್ತಿದೆ. ಅದರ ಮುಂದಿನ ಗತಿ ಏನು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಹಾಗಾಗಿ ಹೇಳುವುದನ್ನು ಈಗಲೇ ಹೇಳಬೇಕು.

ಓಟಿನ ಪ್ರಚಾರಕ್ಕೆ ಅಂತ ನಾನು ನೋಡಿರುವ ಸಾಧನಗಳಲ್ಲಿ ಇದರ ಹತ್ತಿರಕ್ಕೆ ಬರುವುದು ಯಾವುದೂ ಇಲ್ಲ. ಕಾರಣ ಬಹಳ ಸರಳ. ಮತದಾರರ ಪಟ್ಟಿಯನ್ನು ಇವರು ನಂಬಿಕೆ ಇಟ್ಟು ನಮ್ಮಂಥವರ ಕೈಗೆ ಕೊಟ್ಟರು.

ಇದು ಎಷ್ಟು ದೊಡ್ಡ ವಿಷಯ ಅಂತ ಊರಿನ ಚುನಾವಣೆ ನೋಡಿದವರಿಗೆ ಗೊತ್ತಾಗುತ್ತದೆ. 2008ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆ ನಡೆಯಿತಲ್ಲ, ಆಗಲೂ ಎಂದಿನ ಹಾಗೆ ಪಕ್ಷದ ಹುಡುಗರು ಬಂದು ಕ್ರಮಸಂಖ್ಯೆ ಬರೆದ ಚೀಟಿ ಕೊಟ್ಟು ಹೋದರು. ಪಟ್ಟಿ ಅವರ ಕಂಕುಳಲ್ಲಿ. ಯಾರ ಮನೆಗೆ ಯಾರು ಹೋಗಬೇಕು, ಯಾವ ಬೀದಿ ಬಿಡಬೇಕು ಅನ್ನುವುದೆಲ್ಲ ಬೂತ್ ಏಜೆಂಟ್ ಮತ್ತು ಅವನ ಮೇಲಿನವನಿಗೆ ಬಿಟ್ಟದ್ದು. ಸುಮ್ನೆ ಒಬ್ಬ ಮೇಷ್ಟ್ರು, ಒಬ್ಬ ಅಂಗಡಿಯವರು ಹೋಗಿ, ನಾನೂ ಎರಡು ಬೀದಿ ನೋಡಿಕೊಳ್ಳುತ್ತೇನೆ, ಪಟ್ಟಿ ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಅಮೆರಿಕದಲ್ಲೂ ಬಹುಕಾಲ ಹಾಗೇ ಇತ್ತು. ಪ್ರಚಾರದ ಕಚೇರಿಗೆ ಹೋಗಬೇಕು, ಅವರು ಹೇಳಿದ ಹೊತ್ತಿಗೆ, ಅವರು ಕೊಟ್ಟ ಕಾಗದ ಹಿಡಿದು, ಅವರ ಫೋನಿನಿಂದ ಮಾತಾಡಬೇಕು. ಎರಡು ಮಕ್ಕಳಿರುವ ಮನೆಯವರಿಗೆ ಅದು ಆಗುವ ಹೋಗುವ ಮಾತಲ್ಲ.

2007ರ ಫೆಬ್ರವರಿಯಲ್ಲಿ ಒಬಾಮ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಚಳಿಯಲ್ಲಿ ನಿಂತು ತಮ್ಮ ಸ್ಪರ್ಧೆ ಘೋಷಿಸಿದರು. ಈ ಸೈಟೂ ಆಗಲೇ ಶುರುವಾಯಿತು. ಕಟ್ಟಿದ್ದು ಬ್ಲೂ ಸ್ಟೇಟ್ ಡಿಜಿಟಲ್ ಅನ್ನುವ ಕಂಪನಿ. 2004ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಿದ್ದ ಹವರ್ಡ್ ಡೀನ್ ಅವರ ಪ್ರಚಾರದಲ್ಲಿ ಇಂಟರ್ನೆಟ್ ಕೆಲಸ ಮಾಡಿದವರೇ ಸೇರಿ ಮಾಡಿಕೊಂಡ ಕಂಪನಿ ಅದು. ಇದನ್ನು ನಡೆಸಿದ್ದು ಕ್ರಿಸ್ ಹ್ಯೂಸ್. ಫೇಸ್‌ಬುಕ್ ಶುರು ಮಾಡಿದವರಲ್ಲಿ ಒಬ್ಬ, ಆಗಿನ್ನೂ 23 ವಯಸ್ಸಿನ ಹುಡುಗ, ಅದನ್ನು ಬಿಟ್ಟು ಇಲ್ಲಿಗೆ ಬಂದ. ಚುನಾವಣೆ ಮುಗಿಯುವ ಹೊತ್ತಿಗೆ ಇಪ್ಪತ್ತು ಲಕ್ಷ ಜನ ಇದರಲ್ಲಿ ಖಾತೆ ಮಾಡಿಕೊಂಡಿದ್ದರು. 35,000ಕ್ಕೂ ಹೆಚ್ಚು ಗುಂಪುಗಳು ಹುಟ್ಟಿವೆ. ಎರಡು ಲಕ್ಷದಷ್ಟು ಸಭೆ, ಕೂಟ, ಮನೆಯಂಗಳದ ಕಾರ್ಯಕ್ರಮಗಳು ಇದರ ಮೂಲಕ ನಡೆದಿವೆ. ಖಾತೆಗೆ ದುಡ್ಡು ಕೊಡಬೇಕಿರಲಿಲ್ಲ. ಒಂದು ಇಮೇಲ್, ಒಂದು ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಕೊಟ್ಟರೆ ಮುಗಿಯಿತು.

ಒಳಗೆ ಹೋದರೆ ಗೆಳೆಯರು, ಗುಂಪುಗಳು, ಹತ್ತಿರದ ಕಾರ್ಯಕ್ರಮಗಳು, ನಿಮ್ಮದೇ ಹೆಸರಿನ ದೇಣಿಗೆ ಪುಟ, ಎಲ್ಲ ಇವೆ. ಅವುಗಳಲ್ಲಿ ಹೆಚ್ಚಿನವು ಬೇರೆ ಕಡೆಯೂ ಸಿಗುತ್ತವೆ. ಬೇರೆ ಕಡೆ ಸಿಗದೇ ಇದ್ದದ್ದು ಫೋನ್ ಪಟ್ಟಿ, ಮತ್ತು ಕೊನೆಯ ತಿಂಗಳುಗಳಲ್ಲಿ ಬಂದ 'ನೇಬರ್ ಟು ನೇಬರ್'. ಇದರಲ್ಲಿ ನಿಮ್ಮ ಅಕ್ಕಪಕ್ಕದ ಬೀದಿಗಳಲ್ಲಿ ಇನ್ನೂ ಮನಸ್ಸು ಮಾಡದ ಮತದಾರರ ಹೆಸರು, ವಿಳಾಸ ಸಿಗುತ್ತದೆ. ಪ್ರಿಂಟ್ ತೆಗೆದುಕೊಂಡು ನಡೆದು ಹೋಗಬಹುದು, ಇಲ್ಲವೇ ಮನೆಯಿಂದಲೇ ಫೋನ್ ಮಾಡಬಹುದು. ಏನು ಮಾತಾಡಬೇಕು ಅಂತ ಪಕ್ಕದಲ್ಲೇ ಬರೆದಿರುತ್ತದೆ. ಮಾತು ಮುಗಿದ ಮೇಲೆ ಒಂದು ಗುರುತು ಹಾಕಬೇಕು: ಗಟ್ಟಿಯಾಗಿ ಒಬಾಮ, ಒಬಾಮ ಕಡೆ ಒಲವು, ತೀರ್ಮಾನ ಇಲ್ಲ, (ಎದುರಾಳಿ ರಿಪಬ್ಲಿಕನ್ ಅಭ್ಯರ್ಥಿ) ಮೆಕೇನ್ ಕಡೆ ಒಲವು, ಗಟ್ಟಿಯಾಗಿ ಮೆಕೇನ್, ಮನೆಯಲ್ಲಿಲ್ಲ, ನಂಬರ್ ತಪ್ಪು. ಮುಂದಿನ ಹೆಸರು ಬರುತ್ತದೆ. ಅಷ್ಟೇ. ರಾತ್ರಿ ಊಟ ಆಗಿ ಪಾತ್ರೆ ತೊಳೆಯುವ ಮುಂಚೆ ನಾಲ್ಕು ಜನರ ಹತ್ತಿರ ಮಾತಾಡಿ ಮುಗಿಸಬಹುದು.

ಇದು ಹೇಗೆ ಕೆಲಸ ಮಾಡಿತು ಅಂತ ಒಂದು ಫೋನ್ ಕರೆಯಿಂದ ಹೇಳುತ್ತೇನೆ.

ನಮ್ಮ ಪಕ್ಕದ ಮನೆಯ ಅಕ್ಕ ತೀರ್ಥಹಳ್ಳಿ ಕಡೆಯವರು. ಎಚ್-4 ವೀಸಾದಲ್ಲಿ ಇದ್ದಾರೆ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾ. 2008ರಲ್ಲಿ ಆ ವೀಸಾದವರು ಇಲ್ಲಿ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ, ಓಟಂತೂ ಇಲ್ಲವೇ ಇಲ್ಲ. ನಾನು ಫೋನ್ ಮಾಡುವುದನ್ನು ನೋಡಿ ಒಂದು ದಿನ ಕೇಳಿದರು: "ನಂಗೆ ಓಟೇ ಇಲ್ಲವಲ್ಲ ಮಾರಾಯ್ರೇ, ನಾನು ಹೀಗೆಲ್ಲ ಮಾತಾಡಬಹುದಾ?" ಮಾಡಬಹುದು. ಗ್ರೀನ್ ಕಾರ್ಡ್ (ಖಾಯಂ ವಾಸದ ಪರವಾನಗಿ) ಇಲ್ಲದ ವಿದೇಶಿಯರು ದುಡ್ಡು ಕೊಡುವ ಹಾಗಿಲ್ಲ, ಒಂದು ಡಾಲರ್ ಕೂಡ. ಆದರೆ ಸಂಬಳ ತೆಗೆದುಕೊಳ್ಳದೆ ಸ್ವಂತ ಇಷ್ಟದಿಂದ ದುಡಿಯುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಈ ವಿಷಯ ನಮ್ಮ ಜನಕ್ಕೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕನ್ನಡ ಕೂಟದಲ್ಲಿ ನಾನು ಇದನ್ನು ಹೇಳಿದಾಗ ಎಷ್ಟೋ ಜನ ಬೆರಗಾದರು.

ಅಕ್ಕ ನಮ್ಮ ಅಡುಗೆಮನೆಯ ಮೇಜಿನ ಹತ್ತಿರ ಕೂತು ಫೋನ್ ಮಾಡಲು ಶುರು ಮಾಡಿದರು. ಅವತ್ತು ಬಂದ ಹೆಸರು ರಾಜ್ಯದ ಪೂರ್ವ ಭಾಗದ ಒಬ್ಬ ವಯಸ್ಸಾದ ಹೆಂಗಸಿನದ್ದು. ಆಕೆ ಒಬಾಮಗೇ ಓಟು ಅಂದರು. ಇಲ್ಲಿಗೆ ಮುಗಿಯಿತು ಅಂತ ಗುರುತು ಹಾಕಿ ಮುಂದೆ ಹೋಗಬಹುದಿತ್ತು. ಆದರೆ ಬರೆದಿಟ್ಟ ಮಾತಿನಲ್ಲಿ ಇನ್ನೂ ಒಂದು ಸಾಲು ಇತ್ತು, ಅಕ್ಕ ಅದನ್ನೂ ಓದಿದರು. ನಾರ್ತ್ ಕ್ಯಾರೊಲಿನಾದಲ್ಲಿ 2008ರಲ್ಲಿ ಒಂದು ವಿಚಿತ್ರ ನಿಯಮ ಇತ್ತು. ಬ್ಯಾಲೆಟ್‌ನಲ್ಲಿ ಪಕ್ಷದ ಹೆಸರಿಗೆ ಒಂದೇ ಗುರುತು ಹಾಕಿದರೆ ಆ ಪಕ್ಷದ ಅಭ್ಯರ್ಥಿಗಳಿಗೆಲ್ಲ ಓಟು ಬೀಳುತ್ತಿತ್ತು, ಗವರ್ನರ್‌ಗೆ, ಸೆನೆಟ್‌ಗೆ, ಎಲ್ಲದಕ್ಕೂ. ಅಧ್ಯಕ್ಷರಿಗೆ ಮಾತ್ರ ಬೀಳುತ್ತಿರಲಿಲ್ಲ! ಅಧ್ಯಕ್ಷರಿಗೆ ಬೇರೆಯಾಗಿಯೇ ಗುರುತು ಹಾಕಬೇಕಿತ್ತು. ಫೋನಿನ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಆಕೆ ಹೇಳಿದರಂತೆ, ನಾನು ಯಾವಾಗಲೂ ಡೆಮಾಕ್ರಟಿಕ್ (ಒಬಾಮರ ಪಕ್ಷ) ಅನ್ನುವುದಕ್ಕೆ ಒಂದು ಗುರುತು ಹಾಕಿ ಬಂದುಬಿಡುತ್ತೇನೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ ಅಂತ. ಕಾಗದ ಪೆನ್ಸಿಲ್ ತರುತ್ತೇನೆ, ಇನ್ನೊಂದು ಸಲ ನಿಧಾನವಾಗಿ ಹೇಳಮ್ಮ ಅಂದರಂತೆ. ಅಕ್ಕ ನಿಧಾನವಾಗಿ ಹೇಳಿದರು. ಆಕೆ ಬರೆದುಕೊಂಡರು, ಭಾನುವಾರ ಚರ್ಚಿನಲ್ಲೂ ಎಲ್ಲರಿಗೆ ಹೇಳುತ್ತೇನೆ ಅಂದರು.

ಓಟಿಲ್ಲದ ತೀರ್ಥಹಳ್ಳಿಯ ಹೆಂಗಸು ಒಬ್ಬರು, ಹುಟ್ಟಿನಿಂದ ಇಲ್ಲೇ ಇರುವ ಮತದಾರರ ಓಟನ್ನು ಹೀಗೆ ಉಳಿಸಿದರು. ನಾರ್ತ್ ಕ್ಯಾರೊಲಿನಾದಲ್ಲಿ ಒಬಾಮ ಗೆದ್ದದ್ದು 14,177 ಓಟಿನಿಂದ. ಹಾಕಿದ ಓಟು 43 ಲಕ್ಷ. ರಾಜ್ಯದಲ್ಲಿ 2,700ರಷ್ಟು ಬೂತುಗಳಿವೆ. ಲೆಕ್ಕ ಹಾಕಿ ನೋಡಿ, ಒಂದೊಂದು ಬೂತಿಗೆ ಐದೈದು ಓಟು. 1976ರಲ್ಲಿ ಜಿಮ್ಮಿ ಕಾರ್ಟರ್ ಗೆದ್ದ ಮೇಲೆ ಡೆಮಾಕ್ರಟಿಕ್ ಪಕ್ಷದ ಯಾರೂ ಅಧ್ಯಕ್ಷ ಚುನಾವಣೆಯಲ್ಲಿ ಈ ರಾಜ್ಯ ಗೆದ್ದಿರಲಿಲ್ಲ. 2004ರಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಇಲ್ಲಿ ಹನ್ನೆರಡು ಪರ್ಸೆಂಟ್ ಪಾಯಿಂಟ್‌ನಿಂದ ಗೆದ್ದಿದ್ದರು. ಐದು ಓಟು ಎಲ್ಲಿಂದ ಬಂತು ಅಂತ ಕೇಳುವವರಿಗೆ ಆ ಒಂದು ಸಾಲನ್ನು ತೋರಿಸುತ್ತೇನೆ.

ಪಟ್ಟಿ ಹಿಡಿದು ಮನೆ ಮನೆಗೆ ಹೋಗುವುದು ಬೇರೆಯೇ ಅನುಭವ. ನಮ್ಮ ಬಡಾವಣೆಯಲ್ಲಿ ನ್ಯೂಯಾರ್ಕ್ ಕಡೆಯಿಂದ ಬಂದು ನೆಲೆಸಿದ ನಿವೃತ್ತರು ಜಾಸ್ತಿ. ಒಬ್ಬರು ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡಿದರು. ಯಾವ ಪಕ್ಷಕ್ಕೂ ಸೇರದವರು. ಅಕ್ಟೋಬರ್‌ನಲ್ಲಿ ಷೇರು ಪೇಟೆ ಬಿದ್ದು ಅವರ 401(ಕೆ) ನಿವೃತ್ತಿ ಉಳಿತಾಯ ಕರಗುತ್ತಾ ಇತ್ತು. ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದ ದಿನ, ಸೆಪ್ಟೆಂಬರ್ 15ಕ್ಕೆ, ಮೆಕೇನ್ ಅವರು ನಮ್ಮ ಆರ್ಥಿಕತೆಯ ಬುಡ ಗಟ್ಟಿಯಾಗಿದೆ ಅಂದಿದ್ದು ಅವರಿಗೆ ಮರೆತಿರಲಿಲ್ಲ. ಆದರೂ ಒಬಾಮ ಬಂದರೆ ತೆರಿಗೆ ಏರಿಸುತ್ತಾರೆ ಅನ್ನುವ ಹೆದರಿಕೆ ಇತ್ತು. ಇಂಥ ಹೊತ್ತಿಗೆ ಬರೆದಿಟ್ಟ ಮಾತು ಸಾಲುವುದಿಲ್ಲ. ಒಬಾಮ ಪ್ರಚಾರದವರೇ ಮಾಡಿದ ತೆರಿಗೆ ಲೆಕ್ಕದ ಪುಟ ಒಂದಿತ್ತು. ವರಮಾನ, ಮನೆಯಲ್ಲಿ ಎಷ್ಟು ಜನ ಅಂತ ಹಾಕಿದರೆ ಒಬಾಮ ಯೋಜನೆಯಲ್ಲಿ ಎಷ್ಟು ಉಳಿಯುತ್ತದೆ, ಮೆಕೇನ್ ಯೋಜನೆಯಲ್ಲಿ ಎಷ್ಟು ಅಂತ ತೋರಿಸುತ್ತಿತ್ತು. ಒಬಾಮ ಯೋಜನೆಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯುವ ಕುಟುಂಬಗಳಿಗೆ ಮಾತ್ರ ತೆರಿಗೆ ಏರುತ್ತಿತ್ತು, ದುಡಿಯುವವರಲ್ಲಿ ಉಳಿದ ಹೆಚ್ಚುಕಡಿಮೆ ಎಲ್ಲರಿಗೂ ಇಳಿಯುತ್ತಿತ್ತು. ವಿಳಾಸ ಬರೆದು ಕೊಟ್ಟೆ, ನೀವೇ ಹಾಕಿ ನೋಡಿ ಅಂದೆ. ಓಟು ಯಾರಿಗೆ ಹಾಕಿದರು ಅಂತ ನಾನು ಕೇಳಲು ಹೋಗಿಲ್ಲ. ಆದರೆ ನವೆಂಬರ್ 5ರ ಬೆಳಿಗ್ಗೆ ನಾಯಿ ಕರೆದುಕೊಂಡು ಹೋಗುವಾಗ ನನ್ನನ್ನು ನೋಡಿ ಕೈ ಎತ್ತಿ ಜೋರಾಗಿ ನಕ್ಕರು.

ನಾನು ಈ ಕೆಲಸಕ್ಕೆ ಇಷ್ಟು ಇಳಿದದ್ದು ಯಾಕೆ ಅಂತಲೂ ಹೇಳಬೇಕು. ಅಕ್ಟೋಬರ್ 16ರಂದು, ಮೆಕೇನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸೇರಾ ಪೇಲಿನ್ ಇಲ್ಲೇ ಗ್ರೀನ್ಸ್‌ಬರೋಗೆ ಬಂದಿದ್ದರು. ನಮ್ಮ ಮನೆಯಿಂದ ಒಂದೂಕಾಲು ಗಂಟೆ ದಾರಿ. ಅಲ್ಲಿ ದೇಣಿಗೆ ಸಭೆಯಲ್ಲಿ ಸಣ್ಣ ಊರುಗಳನ್ನು ಹೊಗಳುತ್ತಾ, ಅದೇ ನಿಜವಾದ ಅಮೆರಿಕ, ಅವು ಅಮೆರಿಕದ ಪರವಾಗಿರುವ ಜಾಗಗಳು ಅಂದರು. ಹಾಗಾದರೆ ಉಳಿದ ಜಾಗಗಳು? ಇಲ್ಲಿನ ತಂತ್ರಜ್ಞಾನ ಕಂಪನಿಗಳ ಪ್ರದೇಶ ರಿಸರ್ಚ್ ಟ್ರಯಾಂಗಲ್‌ನಲ್ಲಿ ದುಡಿದು, ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಕಳಿಸುತ್ತಿರುವ ನಾವು ಯಾವ ಅಮೆರಿಕದವರು? ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕೆ ಒಂದು ವಾರ ಮುಂಚೆ ಮಿನೆಸೋಟದ ಸಭೆಯಲ್ಲಿ ಒಬ್ಬ ಹೆಂಗಸು ಒಬಾಮ ಅರಬ್ ಅಂದಾಗ ಮೆಕೇನ್ ಮೈಕ್ ಕಿತ್ತುಕೊಂಡು, ಇಲ್ಲ, ಅವರು ಒಳ್ಳೆಯ ಸಂಸಾರಸ್ಥ ಅಂದರು. ಕಿತ್ತುಕೊಂಡಿದ್ದು ಸರಿ. ಅದಕ್ಕೆ ಅವರನ್ನು ಮೆಚ್ಚುತ್ತೇನೆ. ಆದರೆ ಅರಬ್ ಆಗಿದ್ದರೆ ಒಳ್ಳೆಯ ಸಂಸಾರಸ್ಥ ಆಗಬಾರದಾ? ಆ ಮಾತನ್ನು ಬಿಡದೆ ಹೇಳಿದವರು ರಿಪಬ್ಲಿಕನ್ ಪಕ್ಷದವರೇ ಆದ, ಹಿಂದೆ ವಿದೇಶಾಂಗ ಸಚಿವರಾಗಿದ್ದ ಕಾಲಿನ್ ಪವೆಲ್. ಅಕ್ಟೋಬರ್ 19ರಂದು ಟೀವಿಯಲ್ಲಿ ಒಬಾಮಗೆ ಬೆಂಬಲ ಹೇಳುವಾಗ, ಈ ದೇಶದಲ್ಲಿ ಮುಸ್ಲಿಂ ಆಗಿರುವುದರಲ್ಲಿ ಏನು ತಪ್ಪು ಅಂತ ನೇರವಾಗಿ ಕೇಳಿದರು. ನಮ್ಮ ರಾಜ್ಯದಲ್ಲೇ ರಿಪಬ್ಲಿಕನ್ ಸೆನೆಟರ್ ಎಲಿಜಬೆತ್ ಡೋಲ್ ತಮ್ಮ ಡೆಮಾಕ್ರಟಿಕ್ ಎದುರಾಳಿ ಕೇ ಹೇಗನ್ ಅವರನ್ನು ದೇವರನ್ನು ನಂಬದವರ ಜೊತೆ ಸೇರಿಸಿ ಜಾಹೀರಾತು ಹಾಕಿದರು. ಹೇಗನ್ ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳಿದವರು! ಡೋಲ್ ಸೋತರು. ಸೋಲಬೇಕಿತ್ತು.

ಸಿಟ್ಟು ಬಂದಾಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ಟೀವಿ ಮುಂದೆ ಕೂತು ಬೈಯುತ್ತೇವೆ, ಗೆಳೆಯರಿಗೆ ಇಮೇಲ್ ಕಳಿಸುತ್ತೇವೆ. ಈ ಸೈಟ್ ಇದ್ದದ್ದರಿಂದ ಆ ರಾತ್ರಿಯೇ ಲಾಗಿನ್ ಆಗಿ ಫೋನ್ ಎತ್ತಿಕೊಳ್ಳಬಹುದಾಯಿತು. ನನ್ನೊಬ್ಬನದ್ದೇ ಅಲ್ಲ ಈ ಕಥೆ. ಸೆಪ್ಟೆಂಬರ್ 3ರಂದು ರಿಪಬ್ಲಿಕನ್ ಸಮಾವೇಶದಲ್ಲಿ ಪೇಲಿನ್, ಬಡಾವಣೆಗಳಲ್ಲಿ ಜನರನ್ನು ಸಂಘಟಿಸುವ ಒಬಾಮರ ಹಳೆಯ ಕೆಲಸವನ್ನು ಹಂಗಿಸಿದರು. ಮುಂದಿನ 24 ಗಂಟೆಯಲ್ಲಿ ಒಬಾಮ ಪ್ರಚಾರಕ್ಕೆ ಒಂದು ಕೋಟಿ ಡಾಲರ್ ಬಂತು. ಸೆಪ್ಟೆಂಬರ್ ತಿಂಗಳೊಂದರಲ್ಲೇ 15 ಕೋಟಿ ಡಾಲರ್. ಪ್ರಚಾರದ ಖರ್ಚಿಗೆ ಅಂತ ಸರ್ಕಾರ ಕೊಡುವ 8.4 ಕೋಟಿ ಡಾಲರ್ ಬೇಡ ಅಂತ ಒಬಾಮ ಜೂನ್‌ನಲ್ಲಿ ಹೇಳಿದಾಗ ಮಾತು ತಪ್ಪಿದರು ಅಂತ ಬೈದವರಿದ್ದಾರೆ. ಅವರು ಮೊದಲು ತೋರಿಸಿದ್ದ ನಿಲುವು ಬದಲಾಯಿಸಿದ್ದು ಹೌದು. ಆದರೆ ಇಪ್ಪತ್ತು, ಇಪ್ಪತ್ತೈದು ಡಾಲರ್ ಕೊಡುವ ಲಕ್ಷಗಟ್ಟಲೆ ಜನರಿಂದ ಬಂದ ದುಡ್ಡಿನಲ್ಲಿ ನಡೆಯುವ ಪ್ರಚಾರವನ್ನು ನಾನು ಕೊಳಕು ಅನ್ನಲಾರೆ.

ಮೆಕೇನ್ ಕಡೆಯವರೂ ಮೆಕೇನ್‌ಸ್ಪೇಸ್ ಅಂತ ಒಂದು ಸೈಟ್ ಮಾಡಿದ್ದರು. ಆಗಸ್ಟ್‌ನಲ್ಲಿ ಅದನ್ನು ಮತ್ತೆ ಹೊಸದಾಗಿ ಕಟ್ಟಿ ಬಿಟ್ಟರು. ಅಷ್ಟು ಹೊತ್ತಿಗೆ ಇಲ್ಲಿ ಒಂದೂವರೆ ವರ್ಷದ ಗುಂಪುಗಳು ಬೇರು ಬಿಟ್ಟಿದ್ದವು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಜೂನ್ ಕೊನೆಯಲ್ಲಿ ಫಿಸಾ ಮಸೂದೆಯ ಗಲಾಟೆ ಆಯ್ತು. ಬುಷ್ ಸರ್ಕಾರ ವಾರಂಟ್ ಇಲ್ಲದೆ ಜನರ ಫೋನ್ ಕದ್ದು ಕೇಳಿಸಿಕೊಂಡಿತ್ತು, ಅದಕ್ಕೆ ಟೆಲಿಫೋನ್ ಕಂಪನಿಗಳು ಕೈಜೋಡಿಸಿದ್ದವು. ಆ ಕಂಪನಿಗಳ ಮೇಲೆ ಯಾರೂ ದಾವೆ ಹೂಡದ ಹಾಗೆ ರಕ್ಷಣೆ ಕೊಡುವ ಮಸೂದೆ ಅದು. ಅದನ್ನು ತಡೆಯುತ್ತೇನೆ ಅಂದಿದ್ದ ಒಬಾಮ, ಜೂನ್ 20ಕ್ಕೆ ಅದಕ್ಕೆ ಬೆಂಬಲ ಅಂದುಬಿಟ್ಟರು. ನನಗೆ ನಿಜವಾಗಿ ಬೇಜಾರಾಯಿತು. ತುರ್ತು ಪರಿಸ್ಥಿತಿ ನೋಡಿದ ಮನೆಯಲ್ಲಿ ಬೆಳೆದವನು ನಾನು. ಸರ್ಕಾರ ಕದ್ದು ಕೇಳುವುದು ಅಂದರೆ ನಮ್ಮ ಅಪ್ಪ ಇವತ್ತಿಗೂ ಧ್ವನಿ ತಗ್ಗಿಸಿ ಮಾತಾಡುತ್ತಾರೆ.

ಆಗ ನಡೆದದ್ದು ನೋಡಿ. ಒಬಾಮರದ್ದೇ ಸೈಟಿನಲ್ಲಿ, ಒಬಾಮ ಬೆಂಬಲಿಗರೇ, ಈ ಮಸೂದೆಗೆ ಬೇಡ ಅನ್ನಿ ಅಂತ ಅವರನ್ನೇ ಕೇಳುವ ಗುಂಪು ಶುರು ಮಾಡಿದರು. ಕೆಲವೇ ದಿನದಲ್ಲಿ ಅದು ಇಡೀ ಸೈಟಿನ ಅತಿ ದೊಡ್ಡ ಗುಂಪಾಯಿತು. ಸದಸ್ಯರು 20,000 ದಾಟಿದರು. ನಾನೂ ಸೇರಿದೆ. ಬೇರೆ ಯಾವ ಪ್ರಚಾರವಾಗಿದ್ದರೂ ಆ ಗುಂಪನ್ನು ಮೊದಲ ರಾತ್ರಿಯೇ ಅಳಿಸಿ ಹಾಕುತ್ತಿತ್ತು. ಇವರು ಅಳಿಸಲಿಲ್ಲ. ಜುಲೈ 3ರಂದು ಒಬಾಮ ಅದಕ್ಕೆ ಉತ್ತರ ಬರೆದರು. ನಿಮ್ಮ ಸಿಟ್ಟು ಗೊತ್ತು, ನನ್ನ ತೀರ್ಮಾನ ಇದು, ಕಾರಣ ಇವು ಅನ್ನುವ ಧಾಟಿಯಲ್ಲಿ. ಜುಲೈ 9ಕ್ಕೆ ಮಸೂದೆಯ ಪರವಾಗಿಯೇ ಓಟು ಹಾಕಿದರು. ಅದು 69ಕ್ಕೆ 28ರಿಂದ ಪಾಸಾಯಿತು. ನಾವು ಸೋತೆವು. ಅವರು ಮಾಡಿದ್ದು ತಪ್ಪು ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಆ ಗುಂಪು ಉಳಿಯಿತು, ಅದರಲ್ಲಿದ್ದವರಲ್ಲಿ ನನಗೆ ಪರಿಚಯ ಇದ್ದವರೆಲ್ಲ ನವೆಂಬರ್ ತನಕ ಫೋನ್ ಮಾಡಿದರು. ನಾಯಕನ ಮೇಲೆ ಸಿಟ್ಟು ಮಾಡಿಕೊಂಡೇ ಅವನಿಗಾಗಿ ದುಡಿಯಲು ಜಾಗ ಕೊಟ್ಟ ಪಕ್ಷವನ್ನು ನಾನು ಊರಿನಲ್ಲೂ ನೋಡಿರಲಿಲ್ಲ, ಇಲ್ಲೂ ನೋಡಿರಲಿಲ್ಲ.

ಕೊರತೆಗಳೂ ಇವೆ. ಮೊದಮೊದಲು ಇದರಲ್ಲಿ ಅಂಕ ಕೊಡುವ ಪದ್ಧತಿ ಇತ್ತು. ಕಾರ್ಯಕ್ರಮ ಮಾಡಿದರೆ ಇಷ್ಟು, ಬರೆದರೆ ಇಷ್ಟು, ಫೋನ್ ಮಾಡಿದರೆ ಇಷ್ಟು. ಅಂಕ ಇದ್ದಲ್ಲಿ ಅಂಕಕ್ಕಾಗಿ ಕೆಲಸ ಮಾಡುವವರು ಹುಟ್ಟುತ್ತಾರೆ. ಆಮೇಲೆ ಅದನ್ನು ತೆಗೆದು, ಇತ್ತೀಚೆಗೆ ಎಷ್ಟು ಚುರುಕಾಗಿದ್ದೀರಿ ಅಂತ 1ರಿಂದ 10ರ ಒಳಗೆ ತೋರಿಸುವ ಸೂಚ್ಯಂಕ ಹಾಕಿದರು. ಇದು ವಾಸಿ. ಆದರೂ ಗುಣ ತೋರಿಸುವುದಿಲ್ಲ. ಅಕ್ಕ ಆ ವಯಸ್ಸಾದ ಹೆಂಗಸಿನ ಹತ್ತಿರ ಮಾತಾಡಿದ ಇಪ್ಪತ್ತು ನಿಮಿಷವೂ, ಯಾರೂ ಎತ್ತದ ಫೋನೂ ಒಂದೇ ಲೆಕ್ಕ.

ದುಡ್ಡು ಕೇಳುವುದು ಜಾಸ್ತಿ. ಯಾವ ಪುಟಕ್ಕೆ ಹೋದರೂ ದೇಣಿಗೆಯ ಗುಂಡಿ ಕಣ್ಣಿಗೆ ರಾಚುತ್ತದೆ. ನಮ್ಮ ಕೂಟದಲ್ಲಿರುವ ಎಚ್-1ಬಿ ಹುಡುಗರಿಗೆ ಅದರಿಂದ ಗೊಂದಲ. ಯಾರು ಕೊಡಬಹುದು, ಯಾರು ಕೊಡಬಾರದು ಅನ್ನುವುದು ಸಣ್ಣಕ್ಷರದಲ್ಲಿ ಇರುತ್ತದೆ. ಓಟಿಲ್ಲದವರೂ ಕೆಲಸ ಮಾಡಬಹುದು ಅನ್ನುವುದನ್ನು ದೊಡ್ಡಕ್ಷರದಲ್ಲಿ ಬರೆದಿದ್ದರೆ ಎಷ್ಟು ಜನ ಸಿಗುತ್ತಿದ್ದರೋ.

ಉಪಾಧ್ಯಕ್ಷ ಅಭ್ಯರ್ಥಿಯ ಹೆಸರನ್ನು ನಿಮಗೇ ಮೊದಲು ಎಸ್‌ಎಂಎಸ್‌ನಲ್ಲಿ ಹೇಳುತ್ತೇವೆ ಅಂದಿದ್ದರು. ಆಗಸ್ಟ್ 23ರ ನಡುರಾತ್ರಿ ಮೂರು ಗಂಟೆಯ ಹೊತ್ತಿಗೆ ಬೈಡನ್ ಹೆಸರು ಬಂತು, ಅಷ್ಟರಲ್ಲಿ ಟೀವಿಯವರು ಅದನ್ನು ಹೇಳಿ ಆಗಿತ್ತು. ಐಫೋನ್ ಇದ್ದವರಿಗೆ ಅಕ್ಟೋಬರ್‌ನಲ್ಲಿ ಒಂದು ಅಪ್ಲಿಕೇಶನ್ ಬಿಟ್ಟರು, ನಿಮ್ಮ ಫೋನಿನಲ್ಲಿರುವ ಗೆಳೆಯರನ್ನು ಪೈಪೋಟಿ ಇರುವ ರಾಜ್ಯಗಳ ಪ್ರಕಾರ ಜೋಡಿಸಿ ಕೊಡುತ್ತದೆ. ಒಳ್ಳೆಯ ಯೋಚನೆ. ಆದರೆ ಐಫೋನ್ ಇರುವವರು ಎಷ್ಟು ಜನ?

ಇನ್ನೊಂದು ಮಾತು, ಇದನ್ನು ಸೈಟಿನ ಕೊರತೆ ಅನ್ನುವುದಕ್ಕಿಂತ ನಮ್ಮಂಥ ಸಾಫ್ಟ್‌ವೇರ್ ಜನರಿಗೆ ಎಚ್ಚರಿಕೆ ಅನ್ನಬಹುದು. ಎಲ್ಲ ಸೈಟಿನಿಂದಲೇ ಆಯ್ತು ಅಂತ ಬೀಗುವುದು ಬೇಡ. ಈ ಸಲ ನಾರ್ತ್ ಕ್ಯಾರೊಲಿನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಓಟು ನವೆಂಬರ್ 4ಕ್ಕೆ ಮೊದಲೇ ಬಿದ್ದಿತ್ತು. ಅರ್ಲಿ ವೋಟಿಂಗ್ ಜಾಗದಲ್ಲೇ ಹೆಸರು ನೋಂದಾಯಿಸಿ ಅಲ್ಲೇ ಓಟು ಹಾಕಬಹುದು ಅನ್ನುವ ಕಾನೂನು 2007ರಲ್ಲಿ ಬಂತು. ಅದನ್ನು ಪೂರ್ತಿ ಬಳಸಿಕೊಂಡವರು ಕಪ್ಪು ಜನರ ಚರ್ಚುಗಳು. ಭಾನುವಾರ ಪ್ರಾರ್ಥನೆ ಮುಗಿಸಿ, ವ್ಯಾನ್ ತುಂಬಾ ಜನರನ್ನು ಕೂರಿಸಿಕೊಂಡು ನೇರವಾಗಿ ಬೂತಿಗೆ ಕರೆದೊಯ್ದರು. ಅವರಲ್ಲಿ ಎಷ್ಟೋ ಜನ ಈ ಸೈಟಿಗೆ ಒಂದು ಸಲವೂ ಲಾಗಿನ್ ಆಗಿಲ್ಲ. ಅಕ್ಕ ಫೋನಿನಲ್ಲಿ ಓದಿದ ಆ ಕೊನೆಯ ಸಾಲನ್ನು ಭಾನುವಾರ ಚರ್ಚಿಗೆ ಮುಟ್ಟಿಸಿದವರೂ ಅಂಥವರೇ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಐದನೆಯದನ್ನು 2009ರ ಜನವರಿ 20ರ ನಂತರಕ್ಕೆ ಇಟ್ಟುಕೊಂಡಿದ್ದೇನೆ.

ಅಧ್ಯಕ್ಷರಾಗಿ ಪ್ರಮಾಣ ವಚನ ಆದ ಮೇಲೆ ಇದನ್ನು ಮುಚ್ಚಬಹುದು. ಇಲ್ಲವೇ ಪಕ್ಷದ ಕಚೇರಿಗೆ ಒಪ್ಪಿಸಿ, ಮೇಲಿನಿಂದ ಇಮೇಲ್ ಕಳಿಸುವ ಪಟ್ಟಿ ಮಾಡಿಬಿಡಬಹುದು. ಎರಡೂ ಆಗಬಾರದು. ಆರೋಗ್ಯ ವಿಮೆಯ ಕಾನೂನು ತರುತ್ತೇವೆ ಅಂದಿದ್ದಾರೆ. ಅದು ಇಲ್ಲಿನ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಸಲೀಸಾಗಿ ಪಾಸಾಗುತ್ತದೆ ಅಂತ ನಂಬುವವರು ಯಾರೂ ಇಲ್ಲ. ಆಗ ಪ್ರತಿ ಜಿಲ್ಲೆಯಲ್ಲಿ ಫೋನ್ ಎತ್ತಿಕೊಳ್ಳುವವರು ಬೇಕು. ಆ ಜನ ಈಗಾಗಲೇ ಇದ್ದಾರೆ, ಒಬ್ಬರಿಗೊಬ್ಬರು ಪರಿಚಯ ಆಗಿದ್ದಾರೆ, ಗುಂಪುಗಳು ನಿಂತಿವೆ. ಗುಂಪುಗಳನ್ನು ಹಾಗೇ ಬಿಡಿ. ಪಟ್ಟಿ ನಮ್ಮ ಕೈಗೆ ಸಿಗುವ ಹಾಗೆ ಇರಲಿ. ನಾಳೆ ಅಧ್ಯಕ್ಷ ಒಬಾಮ ಇನ್ನೊಂದು ಫಿಸಾ ಮಾಡಿದರೆ ಅವರನ್ನು ಬೈಯುವ ಗುಂಪಿಗೂ ಅದೇ ಮನೆಯಲ್ಲಿ ಜಾಗ ಇರಲಿ.

ಅಷ್ಟರೊಳಗೆ ಮಾಡಬೇಕಾದ ಕೆಲಸ ಒಂದಿದೆ. ಜಾರ್ಜಿಯಾದಲ್ಲಿ ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಸ್ಯಾಕ್ಸ್‌ಬಿ ಚಾಂಬ್ಲಿಸ್‌ಗೆ 49.8 ಪರ್ಸೆಂಟ್ ಸಿಕ್ಕಿತು, 50 ಮುಟ್ಟಲಿಲ್ಲ. ಹಾಗಾಗಿ ನಮ್ಮ ಜಿಮ್ ಮಾರ್ಟಿನ್ ಜೊತೆ ಮತ್ತೆ ಚುನಾವಣೆ. 100 ಸ್ಥಾನದ ಸೆನೆಟ್‌ನಲ್ಲಿ ಈ ನವೆಂಬರ್‌ಗೆ ನಾವು 58. ಮಿನೆಸೋಟದ ಸೆನೆಟ್ ಸ್ಥಾನಕ್ಕೆ ಮರುಎಣಿಕೆ ನಡೆಯುತ್ತಿದೆ. 60 ಆದರೆ ರಿಪಬ್ಲಿಕನ್ನರು ಮಸೂದೆಗಳನ್ನು ಸುಮ್ಮನೆ ಎಳೆದಾಡಿ ಕೊಲ್ಲಲು ಆಗುವುದಿಲ್ಲ. ಅಟ್ಲಾಂಟಾದಲ್ಲಿ ನಮ್ಮ ಕನ್ನಡದವರು ತುಂಬಾ ಜನ ಇದ್ದೀರಿ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಪಕ್ಕದ ಮನೆಯವರನ್ನು ಕೇಳಿ, ಓಟು ಹಾಕುತ್ತೀರಾ ಅಂತ. ಓಟಿಲ್ಲದವರು ಮಾರ್ಟಿನ್ ಅವರ ಕಚೇರಿಗೆ ಹೋಗಿ ಕೂತು ಫೋನ್ ಮಾಡಿ, ಕಾನೂನಿನ ತೊಂದರೆ ಇಲ್ಲ. 2008ರ ಡಿಸೆಂಬರ್ 2, ಮಂಗಳವಾರ, ಬೂತುಗಳು ಬೆಳಿಗ್ಗೆ 7ರಿಂದ ಸಂಜೆ 7ರ ತನಕ ತೆರೆದಿರುತ್ತವೆ.